ಸಂಗ್ರಾಮನ ಎದೆಬಡಿತ ಎಲ್ಲಿ ಹೋಯಿತು?

“ಇದು ನಿದ್ದಿ ಅಲ್ಲ ಕೋಮಲ. ನಿದ್ದಿ ಮಾಡವ್ರು ಇಷ್ಟು ನಡೀತಾರೇನ?”

ಉಜ್ವಲಾ ಪರದೆಗೆ ಮೂಗು ತಾಗುವಷ್ಟು ಬಾಗಿದ್ದಳು. ಅದರ ಮೇಲೆ ಹಸಿರು ಗೆರೆಯೊಂದು ಏಳುತ್ತ ಬೀಳುತ್ತ, ಯಾವ ಅವಸರವೂ ಇಲ್ಲದೆ ಸಾಗುತ್ತಿತ್ತು. ಸಿಪಾಯಿ ಸಂಗ್ರಾಮನ ಎದೆಬಡಿತ ಅದು. ಹಾಗೆಂದು ಪರದೆಯ ಮೂಲೆಯಲ್ಲಿ ಅವನ ಹೆಸರೂ ಇತ್ತು.

“ನಡಿಗಿ ಐತಿ, ಒಪ್ಪತೇನಿ,” ಎಂದಳು ಕ್ಯಾಪ್ಟನ್ ಕೋಮಲ. “ಆದ್ರ ಎದಿ ನೋಡ. ನಿನ್ನೆ ಎಲ್ಲಾರೂ ಬೆನ್ನ ಮ್ಯಾಲ ಹೊರಿ ಹೊತ್ತು ಹೊಳಿ ದಂಡಿ ಗುಂಟ ಓಡ್ಯಾರ. ಎಲ್ಲಾರ ಎದಿ ಡೊಳ್ಳು ಬಡದಂಗ ಬಡದೈತಿ. ಇವಂದು ಮಾತ್ರ ಕಟ್ಟಿ ಮ್ಯಾಲ ಕಾಲು ಚಾಚಿ ಕುಂತ ಮುದುಕನ ಹಂಗ!”

ದಿಗ್ಗೇವಾಡಿಯ ಹೊರಗೆ, ಕೃಷ್ಣೆಯ ದಂಡೆಯ ಬೀಳು ನೆಲದಲ್ಲಿ ಸೇನೆಯ ಸಣ್ಣ ತಂಡವೊಂದು ಡೇರೆ ಹಾಕಿ ವಾರ ಕಳೆದಿತ್ತು. ಓಡುವಾಗ, ಹೊರುವಾಗ, ದಣಿದಾಗ ಸಿಪಾಯಿಯ ಮೈ ಹೇಗೆ ನಡೆದುಕೊಳ್ಳುತ್ತದೆ ಎಂದು ಅಳೆಯುವ ಪರೀಕ್ಷೆ. ಅಳತೆ ಮಾಡುವುದು ಅಂಗಿಗುಂಡಿಯಷ್ಟು ಅಗಲದ ಒಂದು ಕರಿ ಬಿಲ್ಲೆ. ಪ್ರತಿಯೊಬ್ಬನ ಬನಿಯನ್ನಿನಲ್ಲೂ ಅದನ್ನು ಅವನಿಗೇ ತಿಳಿಯದ ಜಾಗದಲ್ಲಿಟ್ಟು ಹೊಲಿಸಲಾಗಿತ್ತು. ಅಳೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತು, ಒಪ್ಪಿಯೇ ಬಂದಿದ್ದಾರೆ. ಎಲ್ಲಿಂದ ಎಂಬುದು ಮಾತ್ರ ಗುಟ್ಟು. ಫೋಟೋ ತೆಗೆಯುತ್ತಾರೆ ಎಂದು ತಿಳಿದ ಕೂಡಲೇ ನಮ್ಮ ಹಿರಿಯರು ಉಸಿರು ಬಿಗಿಹಿಡಿದು ಕಂಬವಾಗುವುದಿಲ್ಲವೇ? ಸಿಪಾಯಿಗಳು ಹಾಗಾಗಬಾರದಲ್ಲ.

ಇಂದು ಬೆಳಿಗ್ಗೆ ಸಂಗ್ರಾಮನ ಬನಿಯನ್ನು ತಪಾಸಣೆಗೆ ಬಂದಾಗ ಒಳಗಿನ ಕಿಸೆ ಖಾಲಿ ಇತ್ತು. ಆದರೂ ಅವನ ಹೆಸರಿನಲ್ಲಿ ಎದೆಬಡಿತ ಬರುತ್ತಲೇ ಇತ್ತು.

“ಕರ್ನಲ್ ಸಾಹೇಬ್ರ ಲೆಕ್ಕ ಸೀದಾ ಐತಿ,” ಎಂದಳು ಕೋಮಲ. “ಹುಡುಗ ಬಿಲ್ಲೆ ಹುಡುಕಿ ತಗದಾನ, ಆರಾಮ ಕುಂತಿರೋ ಯಾರಿಗೋ ಕೊಟ್ಟಾನ. ತಾನು ದಣಿಯೂದ ಇಲ್ಲ ಅಂತ ತೋರಸಾಕ. ಗುಡ್ಡ ಹತ್ತೂದು ಕಲಸೋ ಸಾಲಿಗೆ ಇವನ ಹೆಸರು ಮೊದಲನೇದು ಐತಿ. ಸಂಜಿಗೆ ಅವರ ವರದಿ ಹೋತಂದ್ರ ಹೆಸರೂ ಹೋತು, ಮೋಸಗಾರ ಅನ್ನೋ ಕರಿ ಚುಕ್ಕಿ ಬ್ಯಾರೆ. ಜೀವನಪೂರ್ತಿ.”

“ಅವ ಏನಂತಾನ?”

“ನನಗೇನೂ ಗೊತ್ತಿಲ್ಲ ಮೇಡಂ ಅಂತಾನ. ಕಣ್ಣಾಗ ನೀರು ತಂದಾನ. ಅದಕ್ಕ ನಿನ್ನ ಕರಸಿದ್ದು. ನಮ್ಮ ಮಂದಿ ಬೂಟು ಹಾಕ್ಕೊಂಡು ಊರಾಗ ಹೋದ್ರ ಬಾಗಲಾ ಹಾಕ್ಕೋತಾರ.”

ನಿಪ್ಪಾಣಿಯ ಕೋಮಲ ಸೈನ್ಯದ ಡಾಕ್ಟರ್ ಆದಳು. ಚಿಕ್ಕೋಡಿಯ ಉಜ್ವಲಾ ಬಳೆ ಅಂಗಡಿಯ ಮಾಳಿಗೆಯ ಮೇಲೆ ಪತ್ತೇದಾರಿಕೆಯ ಬೋರ್ಡು ಹಾಕಿದಳು. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡ ಗೆಳತಿಯರು. ಒಬ್ಬಳು ಕರೆದರೆ ಇನ್ನೊಬ್ಬಳು ಸ್ಕೂಟಿ ಹತ್ತುತ್ತಿದ್ದಳು, ಅಷ್ಟೇ.

“ಯಾರಿಗರ ಫೋನ್ ಮಾಡಿರಬಹುದ?”

“ಯಾವ ಫೋನು ಬೇ? ಮೊಬೈಲ್ ಎಲ್ಲಾ ಬಂದ ದಿನಾನ ಪೆಟಗ್ಯಾಗ ಹಾಕಿ ಕೀಲಿ ಹಾಕೇನಿ. ಒಬ್ಬರ ಹತ್ರನೂ ಇಲ್ಲ.”

“ಬಿಲ್ಲೆ ಎಲ್ಲೈತಿ ಅಂತ ಈ ಯಂತ್ರ ಹೇಳೂದಿಲ್ಲೇನ?”

“ಇಲ್ಲ. ಬೇಕಂತ ಹಂಗ ಮಾಡ್ಯಾರ. ವೈರಿ ಕೈಗೆ ಸಿಕ್ಕರೂ ನಮ್ಮ ಹುಡುಗ ಎಲ್ಲಿದ್ದ ಅಂತ ಗೊತ್ತಾಗಬಾರದು. ಬರೇ ಎದಿ, ನಡಿಗಿ, ಮೈ ಅಲುಗಾಟ. ಹೊಳಿ ದಂಡೀ ಕಂಬದ ಹತ್ರ ಬಂದಾಗ ಕೂಡಿಸಿಟ್ಟಿದ್ದನ್ನ ಒಪ್ಪಸತೈತಿ.”

ಉಜ್ವಲಾ ಕಿಸೆಯಿಂದ ಹುರಿದ ಶೇಂಗಾ ತೆಗೆದು ಬಾಯಿಗೆ ಹಾಕಿಕೊಂಡಳು. ಡೇರೆಯ ಸಂದಿಯಿಂದ ಚಳಿಗಾಲದ ಬಿಸಿಲು ಬೆಕ್ಕಿನ ಹಾಗೆ ಒಳಗೆ ಬಂದು ಅವಳ ಪಾದದ ಮೇಲೆ ಮಲಗಿತ್ತು.

ಅವಳ ಅಜ್ಜಿಯ ಕಥೆಯಲ್ಲೊಬ್ಬ ರಾಕ್ಷಸನಿದ್ದ. ಅವನನ್ನು ಎಷ್ಟು ಕಡಿದರೂ ಸಾಯುತ್ತಿರಲಿಲ್ಲ, ಏಕೆಂದರೆ ಅವನ ಜೀವ ಅವನ ಮೈಯೊಳಗೆ ಇರಲೇ ಇಲ್ಲ. ಏಳು ಹೊಳೆಯಾಚೆ ಒಂದು ಮರ, ಮರದಲ್ಲೊಂದು ಪೊಟರೆ, ಪೊಟರೆಯಲ್ಲೊಂದು ಗಿಳಿ, ಗಿಳಿಯೊಳಗೆ ಜೀವ. ಜಾಣ ರಾಜಕುಮಾರ ರಾಕ್ಷಸನ ತಂಟೆಗೇ ಹೋಗಲಿಲ್ಲ. ಗಿಳಿ ಹುಡುಕಿಕೊಂಡು ಹೋದ.

ಸಂಗ್ರಾಮನನ್ನು ಅಳಿಸಿ ಉಪಯೋಗವಿಲ್ಲ. ಗಿಳಿ ಬೇಕು.

ಅವಳು ಗೆರೆಯನ್ನು ಹಿಂದಕ್ಕೆ ಸರಿಸಿದಳು. ಭಾನುವಾರ ಮಧ್ಯಾಹ್ನದವರೆಗೆ ಅದು ಹುರುಪಿನ ಹುಡುಗನದು. ಓಡಿದರೆ ಏರುತ್ತಿತ್ತು, ಕುಳಿತರೆ ಇಳಿಯುತ್ತಿತ್ತು. ಆಮೇಲೆ ಒಮ್ಮೆಲೇ ಸಾವಕಾಶ. ಮಧ್ಯಾಹ್ನದ ಹೊತ್ತು ನಡಿಗೆ ನಿಲ್ಲುತ್ತಿತ್ತು. ಆದರೆ ಗೆರೆ ಸುಮ್ಮನಾಗುತ್ತಿರಲಿಲ್ಲ. ಸಣ್ಣ ಅಲುಗಾಟವೊಂದು ತೊಟ್ಟಿಲ ಹಾಗೆ ತೂಗುತ್ತಿತ್ತು. ತುಸು ನಿಲ್ಲುತ್ತಿತ್ತು. ಒಂದು ಜಗ್ಗು. ಮತ್ತೆ ತೂಗಾಟ.

ಉಜ್ವಲಾ ಶೇಂಗಾ ಅಗಿಯುವುದನ್ನು ನಿಲ್ಲಿಸಿದಳು. ತನ್ನ ದವಡೆಯ ಮೇಲೆ ಕೈ ಇಟ್ಟುಕೊಂಡಳು. ಮತ್ತೆ ಅಗಿದಳು.

“ಲೇ ಕೋಮಲ.”

“ಏನ?”

“ನಿನ್ನ ಸಿಪಾಯಿ ಮೆಲಕ ಹಾಕಾಕತ್ತಾನ.”

ಕೋಮಲ ಅವಳ ಮುಖ ನೋಡಿದಳು. ಪರದೆ ನೋಡಿದಳು. ಕುರ್ಚಿ ಎಳೆದುಕೊಂಡು ಕುಳಿತು ಗೆರೆಯನ್ನು ಹಿಂದೆ ಮುಂದೆ ಓಡಿಸಿದಳು. ಆಮೇಲೆ ನಗು ತಡೆಯಲಾರದೆ ಮೇಜಿನ ಮೇಲೆ ತಲೆ ಇಟ್ಟಳು.

“ಕರ್ನಲ್ ಸಾಹೇಬ್ರಿಗೆ ಹೆಂಗ ಹೇಳಲಿ ಇದನ್ನ! ಎಂಟು ಪುಟದ ವರದಿ ಬರದಾರ, ಈ ಎದಿ ಭಾಳ ಶಾಂತ ಸ್ವಭಾವದ್ದು ಅಂತ.”

“ಸುಳ್ಳೇನ ಬರದಾರ? ಎಮ್ಮಿಗಿಂತ ಶಾಂತ ಯಾರದಾರ? ಆ ಬನಿಯನ್ ಕೊಡ ಇಲ್ಲಿ.”

ಬನಿಯನ್ನು ಪ್ಲಾಸ್ಟಿಕ್ ಚೀಲದಲ್ಲಿತ್ತು. ಉಜ್ವಲಾ ಅದನ್ನು ಬಿಸಿಲಿಗೆ ಹಿಡಿದಳು. ಬಗಲಿನ ಕೆಳಗೆ ಗುಟ್ಟಿನ ಕಿಸೆ. ಯಾರೂ ಅದನ್ನು ಹರಿದಿರಲಿಲ್ಲ. ಒಂದೊಂದೇ ನೂಲನ್ನು ಸೂಜಿಯ ಮೊನೆಯಿಂದ ಎತ್ತಿ, ಬಟ್ಟೆಗೆ ನೋವಾಗದಂತೆ ಬಿಚ್ಚಿದ್ದರು. ಅವಸರದ ಕಳ್ಳನ ಕೈ ಅಲ್ಲ ಇದು. ಕಿಸೆಯ ಒಳಮೂಲೆಯಲ್ಲಿ ಒಂದು ಕರಿ ಚುಕ್ಕೆ ಇತ್ತು. ಮೂಸಿದಳು. ಒಲೆಯ ಮಸಿ.

ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಾರಲ್ಲ, ಅಂಥದ್ದು.

“ಭಾನುವಾರ ಇವ ಮನಿಗೆ ಹೋಗಿದ್ದನೇನ?”

“ಹೂಂ. ಮನಿ ಇಲ್ಲೇ ಐತಿ, ಊಟಕ್ಕ ಬಿಟ್ಟಿದ್ದೆ. ಆಯಿ ಒಬ್ಬಾಕಿ ಇರತಾಳ, ಅಪ್ಪ ಅವ್ವ ಗಾಣದ ಕೆಲಸಕ್ಕ ಹೋಗಿರತಾರ.”

ಉಜ್ವಲಾ ಬನಿಯನ್ನನ್ನು ತಿರುವಿದಳು. ಕೆಳಗಿನ ಅಂಚಿನ ಮಡಿಕೆಯೊಳಗೆ ಅವಳ ಬೆರಳು ನಿಂತಿತು. ಅಲ್ಲಿ ಸೂಜಿ ಹೋಗಿ ಬಂದ ಸಣ್ಣ ಸಣ್ಣ ತೂತುಗಳ ಒಂದು ಸಾಲು ಇತ್ತು. ನೂಲು ಇರಲಿಲ್ಲ.

“ಒಬ್ಬೊಬ್ಬರಿಗೆ ಬಿಲ್ಲೆ ಎಷ್ಟು?”

“ಒಂದ. ಯಾಕ?”

ಉಜ್ವಲಾ ರಾಯಬಾಗಕ್ಕೆ ಫೋನ್ ಮಾಡಿದಳು. ಬನಿಯನ್ನುಗಳಿಗೆ ಕಿಸೆ ಹಚ್ಚಿದ ಟೇಲರ್ ದಸ್ತಗೀರ ಅವಳ ತಂದೆಯ ಗೆಳೆಯ.

“ಚಾಚಾ, ಮಿಲಿಟರಿ ಬನಿಯನ್ನಿಗೆ ಎಷ್ಟು ಕಡೆ ಹೊಲಿಗಿ ಹಾಕೀರಿ?”

“ಒಂದ ಕಡೆ ಬೇಟಿ, ಬಗಲ ಬುಡಕ. ಯಾರಿಗೂ ಕಾಣಬಾರದು ಅಂದಿದ್ರು ಕ್ಯಾಪ್ಟನ್ ಬಾಯಿ. ಹೊಲದ ಮ್ಯಾಲ ನನಗ ಕಾಣವಲ್ದು! ಚಸ್ಮಾ ಹಾಕ್ಕೊಂಡು ಹುಡುಕೇನಿ.”

“ಅಂಚಿನಾಗ ಕೈ ಹೊಲಿಗಿ ಏನರ?”

“ಕೈ ಹೊಲಿಗಿ? ತೋಬಾ! ಕೂದಲಾ ಬೆಳ್ಳಗಾಗ್ಯಾವ ಮಷೀನ್ ಮ್ಯಾಲ ಕುಂತು. ಕೈಲೆ ಹೊಲಿಯೂದು ಕೌದಿ ಹೊಲಿಯೋ ಹೆಣ್ಮಕ್ಕಳ ಕೆಲಸ. ಈಗ ಹೇಳ, ನಿನ್ನ ಮದಿವಿ ಬ್ಲೌಜ್ ಎಂದ ಹೊಲೀಲಿ?”

ಉಜ್ವಲಾ ಫೋನ್ ಇಟ್ಟಳು.

ಕಬ್ಬಿನ ನಡುವಿನ ದಾರಿಯಲ್ಲಿ ಇಬ್ಬರೂ ನಡೆದರು. ದೂರದ ಗಾಣದಿಂದ ಕುದಿಯುವ ಬೆಲ್ಲದ ವಾಸನೆ ಗಾಳಿಯಲ್ಲಿ ತೇಲಿ ಬರುತ್ತಿತ್ತು. ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಓಲಾಡುತ್ತ ಹೋಯಿತು. ಅದರ ಹಿಂದೆ ಬಿದ್ದ ಗಳವೊಂದನ್ನು ಕ್ಯಾಪ್ಟನ್ ಕೋಮಲ ಯೂನಿಫಾರಂ ಮರೆತು ಎತ್ತಿಕೊಂಡಳು. ಇಬ್ಬರೂ ಮುರಿದು ತಿಂದರು. ಒಬ್ಬ ಹುಡುಗನ ಬಾಳು ಸಂಜೆಯೊಳಗೆ ತೀರ್ಮಾನವಾಗಬೇಕಿತ್ತು, ಆದರೂ ಆ ಬಿಸಿಲಿನಲ್ಲಿ ದುಃಖಪಡುವುದು ಕಷ್ಟವಿತ್ತು.

ಸಂಗ್ರಾಮನ ಅಜ್ಜಿ ಕಾಶಿಬಾಯಿಯ ಅಂಗಳ ಸೆಗಣಿ ಸಾರಿಸಿ ಹಸಿರಾಗಿತ್ತು. ಕಟ್ಟೆಯ ಮೇಲೆ ಹಳೆಯ ಸೀರೆ, ಧೋತರದ ತುಂಡುಗಳನ್ನೆಲ್ಲ ಹರವಿಕೊಂಡು ಮುದುಕಿ ಕೌದಿ ಹೊಲಿಯುತ್ತಿದ್ದಳು. ಬದಿಯ ಬೇವಿನ ಮರಕ್ಕೆ ಕಟ್ಟಿದ ಎಮ್ಮೆ ಕಣ್ಣು ಅರ್ಧ ಮುಚ್ಚಿ ದವಡೆ ಆಡಿಸುತ್ತಿತ್ತು.

“ಅಗಾ ಬಾಯಿ! ಹೆಣ್ಣಮಗಳು ಸಾಹೇಬ!” ಕಾಶಿಬಾಯಿ ಕೋಮಲಳ ಹೆಗಲ ಮೇಲಿನ ನಕ್ಷತ್ರಗಳನ್ನು ನೋಡಿ ಎದ್ದಳು. “ನಮ್ಮ ಸಂಗ್ಯಾನ ಸಾಹೇಬ್ರೇನ ನೀವ? ಬರ್ರಿ, ಕುಂಡ್ರಿ. ಮಜ್ಜಗಿ ತರ್ತೇನಿ. ಇಷ್ಟ ಬಡಕ ಆಗೀಯಲ್ಲವ್ವ, ಸರಕಾರ ಉಣ್ಣಾಕ ಕೊಡೂದಿಲ್ಲೇನ?”

ಮಜ್ಜಿಗೆ ಬಂತು. ಉಜ್ವಲಾ ಲೋಟ ಹಿಡಿದು ಎಮ್ಮೆಯನ್ನು ನೋಡುತ್ತ ಕುಡಿದಳು. ಅದರ ಕೊರಳಲ್ಲಿ ಕರಿದಾರ. ದಾರಕ್ಕೆ ಸಣ್ಣದೊಂದು ಬಟ್ಟೆಯ ಗಂಟು.

“ಎಮ್ಮಿ ಚಂದ ಐತ್ರಿ ಆಯಿ. ಏನ ಹೆಸರು?”

“ಗಂಗಾ. ಎರಡೂ ಹೊತ್ತು ಹಿಂಡತಾಳ. ದಿನಾ ಹೊಳಿಗೆ ಹೋಗಿ ಕುಂತು ಬರತಾಳ, ರಾಣಿ.”

“ಭಾನುವಾರ ಸಂಗ್ರಾಮ ಊಟಕ್ಕ ಬಂದಿದ್ದನಂತಲ್ರಿ?”

“ಬಂದಿದ್ದ. ಉಂಡ, ಒಂದ ಜಾವ ಮಲಗಿದ. ಬನಿಯನ್ ಬೆವರ ನಾರತಿತ್ತು, ಹಿಂಡಿ ಒಣ ಹಾಕಿ ಕೊಟ್ಟೆ.”

“ಬನಿಯನ್ನಿನಾಗ ಏನರ ಸಿಕ್ತೇನ್ರಿ?”

ಸೂಜಿ ನಿಂತಿತು.

“ಏನ ಸಿಗತೈತಿ? ಬೆವರು.”

ಉಜ್ವಲಾ ಎದ್ದು ಎಮ್ಮೆಯ ಹತ್ತಿರ ಹೋದಳು. ಕೊರಳಿನ ಗಂಟಿಗೆ ಕೈ ಚಾಚಿದಳು.

“ಮುಟ್ಟಬ್ಯಾಡ!”

ಅಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ದನಿ ಬಂದೀತೆಂದು ಕೋಮಲ ಎಣಿಸಿರಲಿಲ್ಲ. ಮಜ್ಜಿಗೆ ಚೆಲ್ಲಿತು.

“ಯಾಕ್ರಿ ಆಯಿ?”

“ಯಾಕಂದ್ರ ಯಾಕ. ಮದಿವಿ ಆಗಬೇಕಾದ ಹುಡಿಗಿ ಇದ್ದೀ, ದೂರ ಸರಿ.”

“ನನ್ನ ಮದಿವಿ ಚಿಂತಿ ರಾಯಬಾಗದಿಂದ ದಿಗ್ಗೇವಾಡಿ ತನಕಾ ಎಲ್ಲಾರಿಗೂ ಐತಿ,” ಎಂದಳು ಉಜ್ವಲಾ. ಆಮೇಲೆ ನಗು ಬಿಟ್ಟು ಮುದುಕಿಯ ಎದುರು ಕುಕ್ಕರಗಾಲಿನಲ್ಲಿ ಕುಳಿತಳು. “ಆಯಿ, ಸೀದಾ ಹೇಳತೇನಿ. ಬನಿಯನ್ನಿನಾಗ ಇದ್ದದ್ದು ಸರಕಾರದ ಸಾಮಾನು. ಅದನ್ನ ಸಂಗ್ರಾಮ ಕದ್ದಾನ ಅಂತ ತಿಳಕೊಂಡಾರ. ಸಂಜೀ ಒಳಗ ಸಿಗಲಿಲ್ಲಂದ್ರ ಅವನ ಗುಡ್ಡದ ಸಾಲಿ ಹೋತು. ಮೋಸಗಾರ ಅಂತ ಹೆಸರಾಗತೈತಿ.”

ಕಾಶಿಬಾಯಿಯ ಮುಖದ ಬಣ್ಣ ಹೋಯಿತು. ಕೌದಿಯ ಅಂಚನ್ನು ಬೆರಳಲ್ಲಿ ಹೊಸೆಯುತ್ತ, ಗೋಡೆಯಾಚೆಯ ಮನೆಯ ಕಡೆ ಒಮ್ಮೆ ನೋಡಿದಳು.

“ಹೇಳಿದ್ರ ಮನಿ ಒಡೀತೈತಿ ಮಗಳ,” ಎಂದಳು ಪಿಸುದನಿಯಲ್ಲಿ.

“ಹೇಳಲಿಲ್ಲಂದ್ರ ಹುಡುಗ ಒಡೀತಾನ್ರಿ.”

ಎಮ್ಮೆ ಒಮ್ಮೆ ನುಂಗಿ, ಮತ್ತೆ ಮೆಲುಕು ಹಾಕತೊಡಗಿತು.

“ಅದು ಸರಕಾರದ್ದಲ್ಲ,” ಎಂದಳು ಕಾಶಿಬಾಯಿ. “ಮಾಟ. ಬನಿಯನ್ ಹಿಂಡುವಾಗ ಕೈಗೆ ಹತ್ತಿತು. ಬಿಚ್ಚಿ ನೋಡಿದ್ರ ಕರೇ ಬಿಲ್ಲೆ! ಮೈಗೆ ಹತ್ತೋ ಅರವಿಯೊಳಗ ಯಾರಿಗೂ ಕಾಣದಂಗ ಕರೇ ಸಾಮಾನು ಹೊಲದ ಇಡವ್ರು ಯಾರ? ಒಳ್ಳೇದು ಬಯಸವ್ರು ಕದ್ದು ಹೊಲೀತಾರೇನ, ನೀನ ಹೇಳ?”

ಉಜ್ವಲಾ ಕೋಮಲಳ ಕಡೆ ನೋಡಿದಳು. ಕ್ಯಾಪ್ಟನ್ ಸಾಹೇಬರು ತಮ್ಮ ಬೂಟು ನೋಡಿಕೊಂಡರು.

“ಸುಡಬಾರದು, ಹೊಗಿ ಮನಿ ತುಂಬತೈತಿ. ಹೊಳ್ಯಾಗ ಒಗೀಬಾರದು, ನೀರು ಕುಡದವರಿಗೆ ಹತ್ತತೈತಿ. ನಮ್ಮ ಅತ್ತಿ ಹೇಳತಿದ್ರು, ಅಮಾಸಿ ತನಕಾ ಕರೇ ಎಮ್ಮಿ ಕೊಳ್ಳಿಗೆ ಕಟ್ಟು ಅಂತ. ಎಮ್ಮಿ ಅಂದ್ರ ಯಮರಾಯನ ಬೀಗರ ಕಡಿಯಾಕಿ. ಆಕಿಗೆ ಯಾವ ಮಾಟ ತಾಗತೈತಿ?”

ಕೋಮಲ ಸೆರಗಿಲ್ಲದ ಯೂನಿಫಾರಂನಲ್ಲಿ ಬಾಯಿ ಮುಚ್ಚಿಕೊಳ್ಳಲು ಏನೂ ಸಿಗದೆ ಟೋಪಿಯನ್ನೇ ಮುಖಕ್ಕೆ ಹಿಡಿದಳು.

“ನಗತೀಯೇನ ಬೇ? ನಗು. ನಿನಗೂ ಮೊಮ್ಮಗ ಹುಟ್ಟಲಿ, ಆಮ್ಯಾಲ ನಗು.”

“ಇಲ್ರಿ ಆಯಿ, ತಪ್ಪಾತ್ರಿ,” ಎಂದು ಕೋಮಲ ಕೈಮುಗಿದಳು. “ಕದ್ದು ಹೊಲಿಸಿದಾಕಿ ನಾನ. ಬೈಯೂದಿದ್ರ ನನಗ ಬೈರಿ.”

ಗಂಟನ್ನು ಕಾಶಿಬಾಯಿ ತಾನೇ ಬಿಚ್ಚಿದಳು. ಮುಖ ಆ ಕಡೆ ತಿರುಗಿಸಿಕೊಂಡು ಕೋಮಲಳ ಅಂಗೈ ಮೇಲೆ ಸುರಿದಳು.

ಎರಡು ಬಿದ್ದವು.

ಒಂದು ಅಂಗಿಗುಂಡಿಯಷ್ಟಿತ್ತು. ಕೋಮಲ ಅದನ್ನು ಕಣ್ಣಿಗೊತ್ತಿಕೊಳ್ಳುವಷ್ಟು ಪ್ರೀತಿಯಿಂದ ಎತ್ತಿಕೊಂಡಳು. ಇನ್ನೊಂದು ತುಸು ದಪ್ಪ. ಎಮ್ಮೆಯ ಮೈಶಾಖಕ್ಕಿಂತಲೂ ಬೆಚ್ಚಗಿತ್ತು. ಅದರ ಬದಿಯಲ್ಲಿ ಸಾಸಿವೆಯಷ್ಟು ಬೆಳಕೊಂದು ಮಿನುಗಿ ಆರಿತು.

“ಇದು ನಮ್ಮದಲ್ಲ,” ಎಂದಳು ಕೋಮಲ. ನಗು ಹೋಗಿತ್ತು. ಉಗುರಿನಿಂದ ಮುಚ್ಚಳ ಎಬ್ಬಿಸಿ ನೋಡಿದಳು. “ಸಿಮ್ ಐತಿ ಉಜ್ವಲಾ. ಕಾರು, ಬೈಕು ಕಳುವಾಗಬಾರದಂತ ಹಾಕತಾರಲ್ಲ, ಅಂಥಾದ್ದು. ಇದು ಎದಿ ಎಣಿಸೂದಿಲ್ಲ. ತಾನು ಎಲ್ಲಿ ಇದ್ದೇನಂತ ಯಾರದೋ ಮೊಬೈಲಿಗೆ ಹೇಳತಿರತೈತಿ.”

ಸಿಪಾಯಿ ಎಲ್ಲಿದ್ದಾನೆಂದು ಯಾರಿಗೂ ತಿಳಿಯಬಾರದೆಂದು ಕಟ್ಟಿದ ಪರೀಕ್ಷೆ ಅದು. ಅದರೊಳಗೆ ಯಾರೋ ತಮ್ಮದೇ ಗಿಳಿ ಬಿಟ್ಟಿದ್ದರು.

“ಇದು ಎಲ್ಲಿತ್ರಿ ಆಯಿ? ಅಂಚಿನ ಮಡಿಕ್ಯಾಗೇನ?”

“ಹೂಂ. ಬಗಲಾಗಿನ ಮಷೀನ್ ಹೊಲಿಗಿ ನೋಡಿ ನಾ ಅಷ್ಟು ಹೆದರಿದ್ದಿಲ್ಲ. ಅಂಚಿನ ಹೊಲಿಗಿ ನೋಡಿ ಎದಿ ಧಸಕ್ ಅಂತು.” ಕಾಶಿಬಾಯಿ ತೊಡೆಯ ಮೇಲಿನ ಕೌದಿಯನ್ನು ಎತ್ತಿ ತೋರಿಸಿದಳು. ಮೂರು ಗಿಡ್ಡ ಟಾಕು, ಒಂದು ಉದ್ದ. ಮತ್ತೆ ಮೂರು ಗಿಡ್ಡ, ಒಂದು ಉದ್ದ. “ಇದ ಹೊಲಿಗಿ. ನಮ್ಮ ಅತ್ತಿ ಕಲಿಸಿದ್ದು. ಈ ಊರಾಗ ನನಗ ಬರತೈತಿ, ನನ್ನ ನೆಗೆಣ್ಣಿ ಗೌರಾಬಾಯಿಗೆ ಬರತೈತಿ. ನಾನಂತೂ ಹಾಕಿಲ್ಲ.”

ಅವಳ ನೋಟ ಮತ್ತೆ ಗೋಡೆಯಾಚೆ ಹೋಯಿತು. ಯಾಕೆ ಬಾಯಿ ಬಿಟ್ಟಿರಲಿಲ್ಲ ಎಂಬುದು ಈಗ ಗೊತ್ತಾಯಿತು.

“ಗೌರಾಬಾಯಿ ಮೊಮ್ಮಗನೂ ಮಿಲಿಟರಿಗೆ ಓಡಾಡಿದ್ದ, ಆಗಲಿಲ್ಲ,” ಎಂದಳು ಮೆಲ್ಲಗೆ. “ಆದರೂ ಆಕಿ ಹಂಗ ಮಾಡವಳಲ್ಲ. ದೀಪಾವಳಿಗೆ ಕರ್ಚಿಕಾಯಿ ಕೊಟ್ಟು ಹೋಗ್ಯಾಳ.”

ಕೋಮಲ ಕರ್ನಲ್ ಸಾಹೇಬರಿಗೆ ಫೋನ್ ಮಾಡಲು ಎದ್ದಳು. ಉಜ್ವಲಾ ಅವಳ ತೋಳು ಹಿಡಿದಳು.

“ಮೊದಲನೇದು ಸಿಕ್ತು ಅಂತಷ್ಟ ಹೇಳು. ಎರಡನೇದರ ಸುದ್ದಿ ಸಂಜೀತನಕಾ ನಮ್ಮ ಮೂವರ ಬಾಯಾಗ ಇರಲಿ. ಇಟ್ಟವ್ರಿಗೆ ಅದು ಬೇಕಂದ್ರ ತಾವ ಹುಡಕ್ಕೊಂಡು ಬರತಾರ.”

“ಸಂಜೀತನಕಾ ಅಷ್ಟ. ಆಮ್ಯಾಲ ನಾ ಸುಮ್ಮನಿರಾಕ ಬರೂದಿಲ್ಲ.”

ಅಂಗಳದ ತುದಿಗೆ ಹೋಗಿ ಕೋಮಲ ಇಂಗ್ಲಿಷಿನಲ್ಲಿ ಬಹಳ ಗಂಭೀರವಾಗಿ ಮಾತಾಡಿದಳು. ನಡುವೆ ‘ಎಮ್ಮೆ’ ಎನ್ನುವುದಕ್ಕೆ ಎರಡು ಸಲ ವಿವರಣೆ ಕೊಡಬೇಕಾಯಿತು. ಆ ಕಡೆಯಿಂದ ಬಂದ ನಗು ಫೋನಿನ ಹೊರಗೂ ಕೇಳಿಸಿತು.

“ವರದಿ ಹರದ ಒಗದ್ರು!” ಕೋಮಲ ಬಂದವಳೇ ಮುದುಕಿಯ ಎರಡೂ ಕೈ ಹಿಡಿದಳು. “ಗುಡ್ಡದ ಸಾಲಿ ಪಕ್ಕಾ ಆತ್ರಿ ಆಯಿ. ಊಟಕ್ಕ ಮನಿಗೆ ಬಿಡತಾರಂತ ನಿಮ್ಮ ಸಂಗ್ರಾಮನ್ನ.”

ಕಾಶಿಬಾಯಿ ಕೈ ಬಿಡಿಸಿಕೊಂಡಳು. ಎದ್ದು ಹೋಗಿ ಎಮ್ಮೆಯ ಹಣೆಗೆ ಹಣೆ ಹಚ್ಚಿ ನಿಂತಳು.

ಎರಡನೆಯ ಬಿಲ್ಲೆಯನ್ನು ಮನೆಯೊಳಗೆ ತರಲು ಅವಳು ಒಪ್ಪಲಿಲ್ಲ. ಗಂಗಾನ ಕೊರಳಿಗೆ ಮತ್ತೆ ಕಟ್ಟಲೂ ಬಿಡಲಿಲ್ಲ. ಪಾಪ, ಅದರ ಪಾಲಿನದು ಮುಗಿಯಿತಂತೆ. ಕೊನೆಗೆ ಮೂವರೂ ಮನೆಯ ಹಿಂದಿನ ಮೇವಿನ ಬಣವೆಗೆ ಹೋಗಿ, ಮೊಳಕೈವರೆಗೆ ಕಣಿಕೆಯೊಳಗೆ ಕೈ ತೂರಿಸಿ ಬಿಲ್ಲೆಯನ್ನು ಅಡಗಿಸಿಟ್ಟು ಬಂದರು.

ಆಮೇಲೆ ರೊಟ್ಟಿ. ಬಡಿಯುವ ಸದ್ದು ಅಂಗಳಕ್ಕೆ ಬರುತ್ತಿತ್ತು, ತಾಳ ತಪ್ಪದೆ. ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಕೆನೆಮೊಸರು. ಮೊಸರು ಗಂಗಾನದು. ತಟ್ಟೆಗಳನ್ನು ಜೋಡಿಸಿಟ್ಟು ನಾಲ್ಕನೆಯವನಿಗಾಗಿ ಕಾಯುತ್ತ ಕುಳಿತರು.

“ಆ ಬಿಲ್ಲೆ ಏನ ಮಾಡತೈತಿ ಅಂತ ನನಗ ತೋರಸ ನೋಡೋಣ,” ಎಂದಳು ಕಾಶಿಬಾಯಿ.

ಕೋಮಲ ಅಂಗಿಗುಂಡಿ ಬಿಲ್ಲೆಯನ್ನು ಒರೆಸಿ, ಅದೇ ಕರಿದಾರದಿಂದ ಮುದುಕಿಯ ಮಣಿಕಟ್ಟಿಗೆ ಕಟ್ಟಿದಳು. ಹಸಿರು ಬಳೆಗಳ ನಡುವೆ ಅದು ಚೆನ್ನಾಗಿಯೇ ಒಪ್ಪಿತು. ಹತ್ತಿರವಿದ್ದರೆ ಕಂಬವಿಲ್ಲದೆಯೂ ಬಿಲ್ಲೆಯ ಲೆಕ್ಕ ಓದುವ ತನ್ನ ಟ್ಯಾಬನ್ನು ಚೀಲದಿಂದ ತೆಗೆದು ಅವಳ ಮುಂದೆ ಇಟ್ಟಳು. ಪರದೆಯ ಮೇಲೆ ಗೆರೆ ಎದ್ದಿತು, ಬಿದ್ದಿತು, ಎದ್ದಿತು.

“ಇದು ನಂದ?”

“ನಿಮ್ದ ರಿ.”

ಕಾಶಿಬಾಯಿ ಬಹಳ ಹೊತ್ತು ನೋಡಿದಳು. “ನೋಡ ಇದರ ಸೊಕ್ಕ,” ಎಂದಳು ಕೊನೆಗೆ. “ಇಷ್ಟ ದಿನ ಒಳಗ ಕುಂತು ಒಬ್ಬಾಕೀನ ಕೌದಿ ಹೊಲದೈತಿ. ಯಾರೂ ಕೇಳದ.”

ಉಜ್ವಲಾಳಿಗೆ ಆ ಮಾತು ಹಿಡಿಸಿತು. ಗೆರೆ ನಿಜಕ್ಕೂ ಟಾಕು ಹಾಕಿದಂತೆಯೇ ಇತ್ತು. ಅವಳು ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಮೂರು ಗಿಡ್ಡ, ಒಂದು ಉದ್ದ. ಬನಿಯನ್ನಿನ ಅಂಚಿನ ತೂತುಗಳೂ ಹೀಗೇ ಇದ್ದವು. ಒಂದು ಮೂಲೆಯಲ್ಲಿ ಮಾತ್ರ ಟಾಕುಗಳು ಸೊಟ್ಟಪಟ್ಟ, ಕುಡಿದವನು ನಡೆದ ಹಾಗೆ.

“ಈ ಮೂಲಿ ಯಾರ ಹೊಲದಾರ್ರಿ ಆಯಿ? ಗೌರಾಬಾಯಿ ಕೈ ಇಷ್ಟ ಸೊಟ್ಟ ಐತೇನ?”

“ಏ, ಇಲ್ಲವ್ವ!” ಮುದುಕಿಯ ಮುಖ ಅರಳಿತು. “ಇದು ಹಳೇ ಕೌದಿ, ಈಗ ಮ್ಯಾಲ ಇನ್ನೊಂದು ಪದರ ಹಾಕಾಕತ್ತೇನಿ. ಸಣ್ಣಾಂವ ಇದ್ದಾಗ ನಮ್ಮ ಸಂಗ್ಯಾಗ ಜ್ವರಾ ಬಂದು ಹಾಸಗಿ ಹಿಡದಿದ್ದ. ಆಟಕ್ಕ ಬಿಡಂಗಿಲ್ಲ, ಅಳತಿದ್ದ. ಕೈಗೆ ಸೂಜಿ ಕೊಟ್ಟು ಕಲಸಿದೆ. ಏನ ಚಂದ ಕಲತ ಅಂತೀ! ಈಗೂ ತನ್ನ ಗುಂಡಿ ತಾನ ಹಚ್ಚಕೋತಾನ.”

ಉಜ್ವಲಾಳ ಬೆರಳು ಸೊಟ್ಟ ಟಾಕಿನ ಮೇಲೆಯೇ ಉಳಿಯಿತು. ಕೋಮಲ ತಟ್ಟೆಯಿಂದ ತಲೆ ಎತ್ತಿದಳು. ಆ ಹೊಲಿಗೆ ಊರಿನಲ್ಲಿ ಮೂರನೆಯ ಕೈಗೂ ಬರುತ್ತಿತ್ತು.

ಗೇಟಿನ ಅಗುಳಿ ಸದ್ದಾಯಿತು.

“ಸಂಗ್ಯಾ ಬಂದ!”

ಬಂದವನು ಎತ್ತರದ, ನಗೆಮುಖದ ಹುಡುಗ. ಆದರೆ ಆಗ ಅವನು ನಗುತ್ತಿರಲಿಲ್ಲ. ತಲೆ ಬಾಗಿತ್ತು. ಅವನ ಅಂಗೈಯಲ್ಲಿ, ಕೀಲಿ ಹಾಕಿದ ಪೆಟ್ಟಿಗೆಯಲ್ಲಿರಬೇಕಾದ ಮೊಬೈಲ್ ಇತ್ತು.

ಬೇವಿನ ಮರದಡಿ ಗಂಗಾ ಅವನನ್ನು ಗುರುತಿಸಿ ಕಿವಿ ಆಡಿಸಿತು. ಅವನು ಆ ಕಡೆ ನೋಡಲಿಲ್ಲ. ಬೇವಿನ ನೆರಳಲ್ಲಿ ಕಟ್ಟೆಯ ಮೇಲೆ ಕುಳಿತವರ ಕಡೆಗೂ ನೋಡಲಿಲ್ಲ. ಅಂಗೈ ನೋಡುತ್ತ ಎರಡು ಹೆಜ್ಜೆ ಎಡಕ್ಕೆ ಸರಿದ. ನಿಂತ. ಮನೆಯ ಗೋಡೆಯ ಗುಂಟ ಹಿತ್ತಲಿಗೆ ನಡೆದ. ಬಣವೆಯ ಮುಂದೆ ಮತ್ತೆ ನಿಂತು, ಮೊಳಕೈವರೆಗೆ ಕಣಿಕೆಯೊಳಗೆ ಕೈ ತೂರಿಸಿದ.

“ಏ ಸಂಗ್ಯಾ, ಮೊದಲ ಕೈಕಾಲು ತೊಳಕೊಂಡು ಬಾ! ರೊಟ್ಟಿ ಆರತಾವು!”

ಉಜ್ವಲಾ ಪರದೆಯ ಕಡೆ ತಿರುಗಿದಳು. ಅದರ ಮೇಲೆ ಕಾಶಿಬಾಯಿಯ ಹಸಿರು ಗೆರೆ, ಮೊಮ್ಮಗ ಬಂದ ಸಂತೋಷಕ್ಕೆ, ಡೊಳ್ಳಿನ ಹಾಗೆ ಜಿಗಿದು ಜಿಗಿದು ಬಡಿಯುತ್ತಿತ್ತು.